ಲೌಂಜ್ ತಿಂಡಿಯೇ ರಾತ್ರಿಯೂಟವಾದೀತೇ?

ಈ ಸಲದ ಅಂಚೆಯಲ್ಲಿ ಹೋಟೆಲ್ ಲೌಂಜಿನ ಬಗ್ಗೆಯೇ ಹೆಚ್ಚು ಪತ್ರಗಳಿವೆ. ದೊಡ್ಡ ಹೋಟೆಲುಗಳು ಆಯ್ದ ಅತಿಥಿಗಳಿಗೆಂದು ತೆಗೆದಿಟ್ಟಿರುವ ಈ ಕೋಣೆಗೆ ಒಂದೊಂದು ಸಮೂಹ ಒಂದೊಂದು ಹೆಸರಿಟ್ಟಿದೆ: ಎಕ್ಸಿಕ್ಯುಟಿವ್ ಲೌಂಜ್, ಕ್ಲಬ್ ಲೌಂಜ್, ಎಂ ಕ್ಲಬ್. ಬೆಳಿಗ್ಗೆ ಉಪಾಹಾರ, ದಿನವಿಡೀ ಕಾಫಿ-ಟೀ, ಸಂಜೆ ಸುಮಾರು ಎರಡು ಗಂಟೆಯ ಕಾಲ ತಿಂಡಿ ಇರುತ್ತವೆ. ತಿಂದದ್ದಕ್ಕೆ ಬೇರೆ ಬಿಲ್ ಬರುವುದಿಲ್ಲ. ಹೋಟೆಲಿನ ಆಹಾರ ವಿಭಾಗದಲ್ಲಿ ಬಹುಕಾಲ ದುಡಿದು, ಈಗ ಕೆಲಸದ ನಿಮಿತ್ತ ಊರೂರು ತಿರುಗುವ ನನಗೆ ಇದು ಕೌಂಟರಿನ ಎರಡೂ ಬದಿಯಿಂದ ಗೊತ್ತಿರುವ ವಿಷಯ. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಇವುಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಗಂಡನಿಗೆ ಕಚೇರಿಯ ಓಡಾಟದಿಂದಾಗಿ ಒಂದು ಹೋಟೆಲ್ ಸಮೂಹದ ಮೇಲ್ದರ್ಜೆಯ ಸದಸ್ಯತ್ವ ಸಿಕ್ಕಿದೆ. ನಾವಿಬ್ಬರೇ ಪ್ರವಾಸ ಹೋದಾಗಲೂ ಸಂಜೆಯಾದೊಡನೆ ಅವರು ಲೌಂಜಿಗೆ ಹೋಗಿ ಕೂರುತ್ತಾರೆ. ‘ಇಲ್ಲೇ ಹೊಟ್ಟೆ ತುಂಬುವಾಗ ಹೊರಗೆ ಏಕೆ ದುಡ್ಡು ಸುರಿಯಬೇಕು’ ಎನ್ನುತ್ತಾರೆ. ನನಗೋ ಬಟ್ಟೆ ಬದಲಿಸಿ, ಊರೊಳಗೆ ನಡೆದು, ಒಂದು ಕಡೆ ಕುಳಿತು ಉಣ್ಣುವ ಆಸೆ. ಯಾರ ಮಾತು ಸರಿ?

ಉತ್ತರ: ನಾನು ನಿಮ್ಮ ಪಕ್ಷ. ಹಾಗೆಂದು ಪ್ರವಾಸದ ಪ್ರತಿ ರಾತ್ರಿಯೂ ಹೊರಗೇ ಉಣ್ಣಬೇಕು ಎನ್ನುವವಳಲ್ಲ. ವಿಮಾನ ಇಳಿದು ಕೋಣೆ ಸೇರುವಷ್ಟರಲ್ಲಿ ಕಾಲು ಸೋತಿರುವ ಮೊದಲ ರಾತ್ರಿ, ಮರುದಿನ ನಸುಕಿನಲ್ಲೇ ಹೊರಡಬೇಕಾದ ಕೊನೆಯ ರಾತ್ರಿ, ಮಳೆ ಹಿಡಿದುಕೊಂಡ ರಾತ್ರಿ, ಇಬ್ಬರಲ್ಲಿ ಒಬ್ಬರಿಗೆ ಮೈ ಬೆಚ್ಚಗಾಗಿರುವ ರಾತ್ರಿ: ಇವಕ್ಕೆಲ್ಲ ಲೌಂಜ್ ಧಾರಾಳವಾಗಿ ಸಾಕು. ಉಳಿದ ರಾತ್ರಿಗಳಲ್ಲಿ ಅದು ಏಕೆ ಸಾಲದು ಎಂಬುದನ್ನು ತಿಳಿಯಬೇಕಾದರೆ ಅಡುಗೆಮನೆಯ ಕಡೆಯಿಂದ ನೋಡಬೇಕು.

ಲೌಂಜಿಗೆ ಸಾಮಾನ್ಯವಾಗಿ ಸ್ವಂತ ಅಡುಗೆಮನೆ ಇರುವುದಿಲ್ಲ. ಇದ್ದರೆ ಒಂದು ಪುಟ್ಟ ಪ್ಯಾಂಟ್ರಿ. ಅಲ್ಲಿ ಜೋಡಿಸುವ, ಬಿಸಿ ಮಾಡುವ ಕೆಲಸ ಮಾತ್ರ ನಡೆಯುತ್ತದೆ. ಅಡುಗೆ ಆಗುವುದು ಕೆಳಗಿನ ಮುಖ್ಯ ಅಡುಗೆಮನೆಯಲ್ಲಿ. ಅಲ್ಲಿಂದ ಮುಚ್ಚಿದ ಗಾಡಿಯಲ್ಲಿ, ಸಿಬ್ಬಂದಿಯ ಲಿಫ್ಟ್ ಹತ್ತಿ ಮೇಲೆ ಬಂದ ಪದಾರ್ಥ ಕೌಂಟರಿನ ಮೇಲೆ ಅತಿಥಿಗಾಗಿ ಕಾಯಬೇಕು. ಹಾಗಾಗಿ ಲೌಂಜಿನ ಪಟ್ಟಿ ಬರೆಯುವಾಗ ಬಾಣಸಿಗರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳುವುದು ‘ಇದು ಎಷ್ಟು ಹೊತ್ತು ನಿಲ್ಲುತ್ತದೆ’ ಎಂದು. ರುಚಿಯ ಮಾತು ಆಮೇಲೆ. ನಿಲ್ಲುವ ಪದಾರ್ಥಗಳು ಯಾವುವೆಂದು ಯೋಚಿಸಿ ನೋಡಿ: ಚೀಸ್, ಆಲಿವ್, ಉಪ್ಪು ಬೆರೆಸಿ ಹುರಿದ ಬೀಜಗಳು, ಬಿಸ್ಕತ್ತು, ಬ್ರೆಡ್ಡು, ಉಪ್ಪಿನಲ್ಲಿ ಹದಮಾಡಿದ ಮಾಂಸದ ತೆಳುಹೋಳು, ಕತ್ತರಿಸಿದ ಹಸಿ ತರಕಾರಿ, ಅದಕ್ಕೆ ನೆಂಚಿಕೊಳ್ಳಲು ಡಿಪ್. ಯಾವ ಹೋಟೆಲಿಗೆ ಹೋದರೂ ಇವೇ ಎದುರಾಗುವುದಕ್ಕೆ ಅಡುಗೆಯವರ ಸೋಮಾರಿತನ ಕಾರಣವಲ್ಲ. ಎರಡು ಗಂಟೆ ಕೂತರೂ ಕೆಡದ, ರೂಪಗೆಡದ ಪದಾರ್ಥಗಳ ಪಟ್ಟಿಯೇ ಅಷ್ಟು ಚಿಕ್ಕದು.

ಬಿಸಿ ಪದಾರ್ಥ ಇಡುವ ಸ್ಟೀಲ್ ಪಾತ್ರೆಯನ್ನು ಒಮ್ಮೆ ಹತ್ತಿರ ನಿಂತು ಗಮನಿಸಿ. ಅದಕ್ಕೆ ಚೇಫಿಂಗ್ ಡಿಶ್ ಎನ್ನುತ್ತಾರೆ. ಅಡಿಯಲ್ಲಿ ಜೆಲ್ ಇಂಧನದ ಸಣ್ಣ ಡಬ್ಬಿ, ಅದರ ನೀಲಿ ಜ್ವಾಲೆ. ಮೇಲೆ ನೀರು ತುಂಬಿದ ತಳಿಗೆ. ಅದರೊಳಗೆ ಇಳಿಬಿಟ್ಟ ಪದಾರ್ಥದ ಟ್ರೇ. ಎಲ್ಲದರ ಮೇಲೆ ಮುಚ್ಚಳ. ಇದು ಇರುವ ಬಿಸಿಯನ್ನು ಕಾಯುತ್ತದೆಯೇ ಹೊರತು ಏನನ್ನೂ ಬೇಯಿಸುವುದಿಲ್ಲ. ಯಾರಾದರೂ ಮುಚ್ಚಳ ಎತ್ತಿದಾಗ ಒಳಗೋಡೆಯಲ್ಲಿ ಕಟ್ಟಿದ್ದ ಹಬೆಯ ಹನಿಗಳೆಲ್ಲ ಒಂದು ಅಂಚಿಗೆ ಜಾರಿ, ಮತ್ತೆ ಪದಾರ್ಥದ ಮೇಲೆಯೇ ತೊಟ್ಟಿಕ್ಕುತ್ತವೆ. ಕರಿದದ್ದು ಗರಿ ಕಳೆದುಕೊಂಡು ಮೆತ್ತಗಾಗುತ್ತದೆ. ಪಾಸ್ತಾ ಸಾಸನ್ನೆಲ್ಲ ಹೀರಿ ಉಬ್ಬಿಕೊಳ್ಳುತ್ತದೆ. ಮೀನಿನ ಅಂಚು ಒಣಗಿ ಬಿರುಸಾಗುತ್ತದೆ. ಅದೇ ಪಾತ್ರೆಯಲ್ಲಿ ಸ್ಟ್ಯೂ, ಕಾಳು ಬೇಯಿಸಿದ ಪದಾರ್ಥ, ದಪ್ಪ ಸೂಪು ಇದ್ದರೆ ಅವಕ್ಕೆ ಏನೂ ಆಗುವುದಿಲ್ಲ, ಹೊತ್ತು ಕಳೆದಂತೆ ಇನ್ನಷ್ಟು ಹದಕ್ಕೆ ಬರುವುದೂ ಉಂಟು. ಲೌಂಜಿನಲ್ಲಿ ಉಣ್ಣುವ ರಾತ್ರಿ ನಾನು ನೇರವಾಗಿ ಇವುಗಳ ಮುಂದೆ ಹೋಗಿ ನಿಲ್ಲುತ್ತೇನೆ, ಕರಿದದ್ದರ ಕಡೆ ತಿರುಗಿಯೂ ನೋಡುವುದಿಲ್ಲ.

ಬೆಂಕಿಯಿಂದ ಇಳಿದ ನಿಮಿಷದಲ್ಲೇ ಬಾಯಿಗೆ ಬರಬೇಕಾದ ಅಡುಗೆ ಎಂಬುದೊಂದಿದೆ. ಅದನ್ನು ಲೌಂಜ್ ಕೊಡಲಾರದು. ಬೇರೆ ಬೇರೆ ನಾಡುಗಳಿಂದ ಬಂದ ನೂರು ಮಂದಿಯಲ್ಲಿ ಯಾರಿಗೂ ಒಗ್ಗದೇ ಹೋಗಬಾರದು ಎಂದು ಖಾರ ತಗ್ಗಿಸಿ, ಹುಳಿ ತಗ್ಗಿಸಿ, ವಾಸನೆ ತಗ್ಗಿಸಿ ಮಾಡಿದ ಅಡುಗೆಯಲ್ಲಿ ಊರಿನ ಗುರುತು ಉಳಿಯುವುದೂ ಇಲ್ಲ. ಅಷ್ಟು ದೂರ ಹೋಗಿ, ಆ ಊರಿನವರು ರಾತ್ರಿ ಏನು ಉಣ್ಣುತ್ತಾರೆ, ಹೇಗೆ ಕುಳಿತು ಉಣ್ಣುತ್ತಾರೆ, ಯಾವ ಹೊತ್ತಿಗೆ ಮನೆಯಿಂದ ಹೊರಬೀಳುತ್ತಾರೆ ಎಂದು ನೋಡದೆ ಬರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನಿಮ್ಮ ಆಸೆ ದುಂದುಗಾರಿಕೆಯಲ್ಲ.

ಈಗ ನಿಮ್ಮವರ ಬಗ್ಗೆ ಒಂದು ಮಾತು. ಇಂಥ ಸದಸ್ಯತ್ವ ಸುಮ್ಮನೆ ಬರುವುದಿಲ್ಲ. ಮ್ಯಾರಿಯಟ್ ಹೋಟೆಲ್ ಸಮೂಹದಲ್ಲಿ ಲೌಂಜ್ ಪ್ರವೇಶ ಕೊಡುವ ಪ್ಲಾಟಿನಂ ಶ್ರೇಣಿಗೆ ವರ್ಷಕ್ಕೆ 50 ರಾತ್ರಿ ತಂಗಿರಬೇಕು, ಹಯಾತ್‌ನ ಗ್ಲೋಬಲಿಸ್ಟ್ ಶ್ರೇಣಿಗೆ 60 ರಾತ್ರಿ. ಅಂದರೆ ಅಷ್ಟು ರಾತ್ರಿ ಮನೆಯಿಂದ ದೂರ, ಒಬ್ಬರೇ ಮಲಗಿ ಗಳಿಸಿದ್ದು. ಅವರ ಮಟ್ಟಿಗೆ ಲೌಂಜ್ ಎಂದರೆ ಪರಸ್ಥಳದಲ್ಲಿ ತನಗೆ ಪರಿಚಯವಿರುವ ಒಂದೇ ಜಾಗ. ‘ದುಡ್ಡು ಉಳಿಯುತ್ತದೆ’ ಎನ್ನುವ ಮಾತಿನ ಹಿಂದೆ ‘ಇಲ್ಲಿ ನನಗೆ ಹಾಯೆನಿಸುತ್ತದೆ, ಇದನ್ನು ನಿನಗೂ ಕೊಡಬೇಕು’ ಎಂಬುದು ಇರಬಹುದು. ಹೊರಗಿನ ಊಟದ ಬಗ್ಗೆ ಜಗಳ ತೆಗೆಯುವ ಮುನ್ನ ಇದನ್ನು ಕೇಳಿ ನೋಡಿ. ನಾನಾದರೆ ಸಂಜೆಯ ಒಂದು ಗಂಟೆಯನ್ನು ಅವರ ಲೌಂಜಿಗೇ ಬಿಡುತ್ತೇನೆ: ಕಿಟಕಿಯ ಪಕ್ಕದ ಕುರ್ಚಿ, ಒಂದೊಂದು ಲೋಟ ಕುಡಿಯಲು, ದಿನದ ಮಾತು. ತಟ್ಟೆ ಮಾತ್ರ ಮುಟ್ಟುವುದಿಲ್ಲ. ಆಮೇಲೆ ಇಬ್ಬರೂ ಎದ್ದು ಹೊರಗೆ.

ತಟ್ಟೆ ಮುಟ್ಟಬಾರದು ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಲೌಂಜೂ ಬೇಕು, ಊಟವೂ ಬೇಕು ಎಂಬ ನಡುದಾರಿಯೇ ಎಲ್ಲಕ್ಕಿಂತ ಕೆಟ್ಟದ್ದು. ‘ಸ್ವಲ್ಪ ರುಚಿ ನೋಡೋಣ’ ಎಂದು ಶುರುವಾದದ್ದು ನಾಲ್ಕು ಸುತ್ತಿಗೆ ನಿಲ್ಲುತ್ತದೆ. ಹೊಟ್ಟೆ ತುಂಬಿರುತ್ತದೆ, ಉಂಡ ತೃಪ್ತಿ ಇರುವುದಿಲ್ಲ. ಎಂಟೂವರೆಗೆ ಹೊರಗಿನ ಮೇಜಿನ ಮುಂದೆ ಕುಳಿತಾಗ ಆ ಒಳ್ಳೆಯ ಅಡುಗೆಗೆ ಒಳಗೆ ಜಾಗವೇ ಇಲ್ಲ. ಇದರಲ್ಲಿ ನಿಮ್ಮ ಮನೋಬಲದ ದೋಷವೇನಿಲ್ಲ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗಿನದಕ್ಕಿಂತ ನಾಲ್ಕು ಬಗೆಯ ಹೂರಣವಿದ್ದ ಸ್ಯಾಂಡ್‌ವಿಚ್ ಕೊಟ್ಟಾಗ ಜನ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ತಿಂದರು. ಒಂದು ರುಚಿಗೆ ನಾಲಿಗೆ ಸಾಕೆಂದರೂ ಪಕ್ಕದ ಇನ್ನೊಂದು ರುಚಿಗೆ ಅದು ಮತ್ತೆ ಎಚ್ಚೆತ್ತುಕೊಳ್ಳುತ್ತದೆ. ಹತ್ತು ಬಗೆಯ ತುಣುಕುಗಳನ್ನು ಸಾಲಾಗಿ ಜೋಡಿಸಿದ ಲೌಂಜ್ ಕೌಂಟರಿನಲ್ಲಿ ನಡೆಯುವುದು ಅದೇ. ಊಟಕ್ಕೆ ಮುಂಚಿನ ಮದ್ಯವೂ ಹಸಿವನ್ನು ಕೆರಳಿಸುತ್ತದೆ.

ಆದ್ದರಿಂದ ಕೋಣೆ ಬಿಡುವ ಮುಂಚೆಯೇ, ಐದು ಗಂಟೆಗೇ ತೀರ್ಮಾನಿಸಿಬಿಡಿ: ಇವತ್ತು ಲೌಂಜೋ, ಹೊರಗೋ? ಲೌಂಜ್ ಎಂದಾದರೆ ಅಲ್ಲಿ ನಿಜವಾಗಿ ಊಟ ಮಾಡಿ. ಅಲ್ಲಿ ಇಟ್ಟಿರುವುದು ಅಂಗೈಯಗಲದ ತಟ್ಟೆ; ದೊಡ್ಡ ತಟ್ಟೆ ಕೊಡಿ ಎಂದು ಸಿಬ್ಬಂದಿಯನ್ನು ಕೇಳಿ, ಕೊಡುತ್ತಾರೆ. ಸೂಪಿನಿಂದ ಆರಂಭಿಸಿ, ಬಿಸಿ ಪದಾರ್ಥ, ತರಕಾರಿ, ಬ್ರೆಡ್ಡನ್ನೋ ಅನ್ನವನ್ನೋ ಒಂದೇ ಸಲಕ್ಕೆ ಬಡಿಸಿಕೊಂಡು, ಮೇಜಿನ ಮುಂದೆ ಕುಳಿತು, ಫೋನ್ ಬದಿಗಿಟ್ಟು ಉಣ್ಣಿ. ಹಾಗೆ ಉಂಡರೆ ಅದು ಊಟವೇ. ನಿಂತುಕೊಂಡು ಹಲ್ಲುಕಡ್ಡಿಯಲ್ಲಿ ಚುಚ್ಚಿ ಚುಚ್ಚಿ ತಿಂದದ್ದನ್ನು ಊಟವೆಂದು ಹೊಟ್ಟೆ ಎಂದೂ ಒಪ್ಪುವುದಿಲ್ಲ.

ಪ್ರಶ್ನೆ: ನಾನು ಕೆಲಸಕ್ಕಾಗಿ ಒಬ್ಬಳೇ ಪ್ರಯಾಣ ಮಾಡುವವಳು. ಅಪರಿಚಿತ ಊರಿನಲ್ಲಿ ರಾತ್ರಿ ಒಬ್ಬಳೇ ಹೊರಗೆ ಹೋಗಿ ಉಣ್ಣಲು ಮನಸ್ಸಾಗುವುದಿಲ್ಲ. ಲೌಂಜಿನಲ್ಲೇ ಮುಗಿಸುತ್ತೇನೆ. ಗೆಳತಿಯರು ‘ಊರೇ ನೋಡದೆ ಬರುತ್ತೀಯಲ್ಲ’ ಎಂದು ಚುಚ್ಚುತ್ತಾರೆ. ನಾನು ಏನನ್ನಾದರೂ ಕಳೆದುಕೊಳ್ಳುತ್ತಿದ್ದೇನೆಯೇ?

ಉತ್ತರ: ಗೆಳತಿಯರ ಮಾತನ್ನು ಪಕ್ಕಕ್ಕಿಡಿ. ಇಡೀ ದಿನ ಅಪರಿಚಿತರ ನಡುವೆ ದುಡಿದು ಬಂದವಳು ರಾತ್ರಿ ಎಲ್ಲಿ ನಿರಾಳವಾಗಿ ಉಣ್ಣಬೇಕು ಎಂಬುದನ್ನು ಬೇರೆ ಯಾರೂ ತೀರ್ಮಾನಿಸಬೇಕಿಲ್ಲ. ಲೌಂಜಿನಲ್ಲಿ ‘ಎಷ್ಟು ಜನ?’ ಎಂದು ಕೇಳಿ, ‘ಒಬ್ಬಳೇ’ ಎಂದಾಗ ಅಡುಗೆಮನೆಯ ಬಾಗಿಲ ಪಕ್ಕದ ಮೇಜಿಗೆ ಕೂರಿಸುವವರಿಲ್ಲ. ಬಿಲ್ಲಿಗಾಗಿ ಕಾಯಬೇಕಿಲ್ಲ, ಎದ್ದು ಹೋಗಬೇಕೆನಿಸಿದ ಕ್ಷಣ ಎದ್ದು ಹೋಗಬಹುದು. ಎರಡನೆಯ ದಿನಕ್ಕೆ ಸಿಬ್ಬಂದಿ ಗುರುತು ಹಿಡಿದು ನಗುತ್ತಾರೆ. ಒಬ್ಬಂಟಿ ಪ್ರಯಾಣಿಕಳಿಗೆ ಇದು ಸಣ್ಣ ಸಂಗತಿಯಲ್ಲ. ಲೌಂಜ್ ಕೆಲಸದಲ್ಲಿದ್ದಾಗ ನಾನು ನಿಮ್ಮಂಥವರಿಗಾಗಿಯೇ ಗೋಡೆಗೆ ಬೆನ್ನು ಕೊಟ್ಟು ಇಡೀ ಕೋಣೆ ಕಾಣುವಂತೆ ಕೂರಬಹುದಾದ ಒಂದು ಮೇಜನ್ನು ಖಾಲಿ ಇರಿಸಿಕೊಳ್ಳುತ್ತಿದ್ದೆ. ನೀವು ಕೇಳಿದರೆ ಅಂಥ ಜಾಗ ಹೊಂದಿಸಿಕೊಡುವವರು ಎಲ್ಲ ಕಡೆಯೂ ಇರುತ್ತಾರೆ.

ಊರಿನ ಅಡುಗೆ ತಪ್ಪಿಹೋಗುತ್ತದೆ ಎಂಬ ಕೊರಗು ನಿಮ್ಮಲ್ಲೇ ಇದ್ದರೆ, ಹೊರಗಿನ ಊಟವನ್ನು ಮಧ್ಯಾಹ್ನಕ್ಕೆ ತನ್ನಿ. ರಾತ್ರಿ ತೆರೆದಿರುವ ಎಷ್ಟೋ ಒಳ್ಳೆಯ ಜಾಗಗಳು ಮಧ್ಯಾಹ್ನವೂ ತೆರೆದಿರುತ್ತವೆ, ಅದೇ ಒಲೆ, ಅದೇ ಕೈ. ಮಧ್ಯಾಹ್ನದ ನಿಗದಿತ ಊಟದ ಬೆಲೆ ರಾತ್ರಿಗಿಂತ ಕಡಿಮೆ ಇರುವುದೂ ಸಾಮಾನ್ಯ. ಬೆಳಕಿರುತ್ತದೆ, ಬೀದಿಯಲ್ಲಿ ಜನ ಇರುತ್ತಾರೆ, ಒಬ್ಬರೇ ಕುಳಿತು ಉಣ್ಣುವವರು ಹತ್ತು ಮಂದಿ ಕಾಣಸಿಗುತ್ತಾರೆ. ಮಧ್ಯಾಹ್ನ ಊರಿನ ಊಟ, ರಾತ್ರಿ ಲೌಂಜಿನಲ್ಲಿ ಸೂಪು ಮತ್ತು ಸಲಾಡ್. ಒಬ್ಬಳೇ ಹೋದಾಗ ನಾನು ನಡೆಸಿಕೊಂಡು ಬಂದಿರುವ ಕ್ರಮವೂ ಇದೇ, ನಿದ್ದೆಗೂ ಒಳ್ಳೆಯದು. ಸಭೆಗಳ ನಡುವೆ ಮಧ್ಯಾಹ್ನ ಬಿಡುವು ಸಿಗದಿದ್ದರೆ, ಹೊರಡುವ ದಿನದ ಮಧ್ಯಾಹ್ನವನ್ನಾದರೂ ಇದಕ್ಕಾಗಿ ತೆಗೆದಿಡಿ.

ಪ್ರಶ್ನೆ: ನಮ್ಮ ತಂದೆಗೆ ಮಧುಮೇಹ ಮತ್ತು ರಕ್ತದೊತ್ತಡ ಎರಡೂ ಇವೆ. ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಅವರನ್ನು ಕರೆದುಕೊಂಡು ಪ್ರವಾಸ ಹೋಗುತ್ತಿದ್ದೇವೆ. ಲೌಂಜ್ ಇರುವ ಕೋಣೆ ಕಾಯ್ದಿರಿಸಿದ್ದೇವೆ. ರಾತ್ರಿಯೂಟಕ್ಕೆ ಅದನ್ನೇ ನಂಬಬಹುದೇ?

ಉತ್ತರ: ಕಣ್ಣುಮುಚ್ಚಿ ನಂಬಬೇಡಿ. ಹೊತ್ತು, ಪದಾರ್ಥ ಎರಡರಲ್ಲೂ ಎಚ್ಚರ ಬೇಕು.

ಮೊದಲು ಹೊತ್ತಿನ ವಿಚಾರ. ಲೌಂಜಿನ ಸಂಜೆಯ ತಿಂಡಿ ಸಾಮಾನ್ಯವಾಗಿ ಐದೂವರೆ, ಆರಕ್ಕೆ ಶುರುವಾಗಿ ಏಳೂವರೆ, ಎಂಟಕ್ಕೆ ಮುಗಿದುಹೋಗುತ್ತದೆ. ನಿಮ್ಮ ತಂದೆ ಮನೆಯಲ್ಲಿ ಒಂಬತ್ತಕ್ಕೆ ಉಣ್ಣುವವರಾದರೆ ಇನ್ಸುಲಿನ್ ಹೊತ್ತೂ ಏರುಪೇರಾಗುತ್ತದೆ. ಊಟದ ಹೊತ್ತು ಬದಲಾದಾಗ ಚುಚ್ಚುಮದ್ದನ್ನು ಯಾವಾಗ, ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಹೊರಡುವ ಮುಂಚೆ ಅವರ ವೈದ್ಯರಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಕೋಣೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಲೌಂಜಿಗೆ ಹೋದಾಗ ಅಲ್ಲಿ ಖಾಲಿ ಟ್ರೇ ಎದುರಾದರೆ ಸಕ್ಕರೆ ಕುಸಿಯುವ ಅಪಾಯವಿದೆ. ತಟ್ಟೆ ಕೈಗೆ ಬರುವುದು ಖಚಿತವಾಗುವವರೆಗೂ ಕಾಯುವುದು ಲೇಸು ಎಂದು ನನಗನಿಸುತ್ತದೆ. ಇದನ್ನೂ ವೈದ್ಯರಲ್ಲಿ ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಮಾತ್ರೆಯೋ ಸಕ್ಕರೆಯೋ ಸದಾ ಇರಲಿ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಮೇಲೆ ಹೇಳಿದ ‘ನಿಲ್ಲುವ’ ಪದಾರ್ಥಗಳಲ್ಲಿ ಕೆಲವು ನಿಲ್ಲುವುದೇ ಉಪ್ಪಿನ ಬಲದಿಂದ. ಚೀಸ್, ಆಲಿವ್, ಹದಮಾಡಿದ ಮಾಂಸ, ಉಪ್ಪುಬೀಜ, ಚಿಪ್ಸ್ ಇಷ್ಟನ್ನೇ ತಿಂದು ‘ನಾನು ಲಘುವಾಗಿ ಮುಗಿಸಿದೆ’ ಎಂದುಕೊಳ್ಳುವ ಹಿರಿಯರನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತಿತ್ತು. ಅವರ ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಸಾದಾ ಬೇಯಿಸಿದ ಮಾಂಸ, ಉಳಿದ ಕಾಲು ಭಾಗ ಬ್ರೆಡ್ಡು ಅಥವಾ ಅನ್ನ ಇರುವಂತೆ ನೋಡಿಕೊಳ್ಳಿ. ಮಧುಮೇಹಿಗಳಿಗೆ ಆಹಾರತಜ್ಞರು ಹೇಳಿಕೊಡುವ ತಟ್ಟೆಯ ಲೆಕ್ಕ ಇದೇ. ಕೌಂಟರಿನಲ್ಲಿ ಇದು ಹೊಂದದಿದ್ದರೆ ಸಂಕೋಚ ಬಿಟ್ಟು ಸಿಬ್ಬಂದಿಗೆ ಹೇಳಿ. ಆರೋಗ್ಯದ ಕಾರಣ ಹೇಳಿ ಬೇಯಿಸಿದ ತರಕಾರಿಯನ್ನೋ ಉಪ್ಪಿಲ್ಲದ ಮೊಟ್ಟೆಯನ್ನೋ ಕೇಳಿದರೆ ಕೆಳಗಿನ ಅಡುಗೆಮನೆಗೆ ಫೋನ್ ಹೋಗುತ್ತದೆ. ನಾನು ಇದ್ದಲ್ಲೆಲ್ಲ ಇದನ್ನು ಹೊರೆ ಎಂದು ಯಾರೂ ಭಾವಿಸುತ್ತಿರಲಿಲ್ಲ. ಆರು ಗಂಟೆಯ ನೂಕುನುಗ್ಗಲಿನಲ್ಲಿ ಕೇಳುವ ಬದಲು ಮಧ್ಯಾಹ್ನವೇ ಹೇಳಿಟ್ಟರೆ ಅವರಿಗೂ ಅನುಕೂಲ.

ಪ್ರಶ್ನೆ: ಸಸ್ಯಾಹಾರಿಗಳಾದ ನಾವು ಲೌಂಜಿನಲ್ಲಿ ಏನನ್ನು ಧೈರ್ಯವಾಗಿ ತಿನ್ನಬಹುದು? ಪ್ರತಿ ಪದಾರ್ಥದ ಮುಂದೆ ಚೀಟಿ ಇರುತ್ತದಲ್ಲ, ಅದು ಸಾಲದೇ?

ಉತ್ತರ: ಚೀಟಿ ಏನನ್ನು ಹೇಳಲು ಇರುವುದು ಎಂದು ನೋಡಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ಹೋಟೆಲುಗಳೂ ಹಾಲು, ಮೊಟ್ಟೆ, ಮೀನು, ಗೋಧಿ, ಕಡಲೆಕಾಯಿ ಮೊದಲಾದ 14 ಅಲರ್ಜಿಕಾರಕಗಳ ಮಾಹಿತಿ ಕೊಡಬೇಕು. ಆದರೆ ಆ ಪಟ್ಟಿಯಲ್ಲಿ ಮಾಂಸವಿಲ್ಲ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಇಲ್ಲ. ಅಲರ್ಜಿಯ ಗುರುತುಗಳು ಸರಿಯಾಗಿದ್ದ ಮಾತ್ರಕ್ಕೆ ಪದಾರ್ಥ ಸಸ್ಯಾಹಾರವಾಗುವುದಿಲ್ಲ. ‘ತರಕಾರಿ ಸೂಪ್’ ಎಂದು ಬರೆದದ್ದು ಮೂಳೆಯ ಸಾರಿನಲ್ಲಿ ಬೆಂದಿರಬಹುದು. ಗಾಜಿನ ಪುಟ್ಟ ಲೋಟಗಳಲ್ಲಿ ಇಡುವ ಮೂಸ್, ಪನ್ನಕೋಟಾ ಎಂಬ ಸಿಹಿಗಳಲ್ಲಿ ಜೆಲಾಟಿನ್ ಇರಬಹುದು. ಸಲಾಡ್‌ಗೆ ಬೆರೆಸುವ ಸೀಸರ್ ಡ್ರೆಸ್ಸಿಂಗ್‌ನಲ್ಲೂ ವೂಸ್ಟರ್ ಸಾಸ್‌ನಲ್ಲೂ ಆಂಚೊವಿ ಮೀನು ಸೇರಿರುವುದು ರೂಢಿ. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಯಾಗಿಸುವ ರೆನ್ನೆಟ್ ಹಾಕಲೇಬೇಕೆಂಬುದು ಅದರ ತಯಾರಿಕೆಯ ನಿಯಮವೇ.

ಚೀಟಿ ಬರೆದವರನ್ನಲ್ಲ, ಅಡುಗೆ ಮಾಡಿದವರನ್ನು ಕೇಳಿಸಿ. ‘ಇದು ಸಸ್ಯಾಹಾರವೇ?’ ಎಂದರೆ ಗಡಿಬಿಡಿಯಲ್ಲಿ ‘ಹೌದು’ ಎಂಬ ಉತ್ತರ ಸಲೀಸಾಗಿ ಬಂದುಬಿಡುತ್ತದೆ. ‘ಈ ಸೂಪಿಗೆ ಯಾವ ಸಾರು ಹಾಕಿದ್ದಾರೆ?’ ಎಂದು ಕೇಳಿದರೆ ಅವರು ಒಳಗೆ ಹೋಗಿ ವಿಚಾರಿಸಿಕೊಂಡೇ ಬರಬೇಕಾಗುತ್ತದೆ. ಇಡಿಯಾಗಿ ಕಣ್ಣಿಗೆ ಕಾಣುವ ಹಣ್ಣು, ಹಸಿ ತರಕಾರಿ, ಬೀಜಗಳು, ಕಾಳಿನ ಸಲಾಡ್ ಇವುಗಳಲ್ಲಿ ಅನುಮಾನಕ್ಕೆ ಆಸ್ಪದ ಕಡಿಮೆ. ಡ್ರೆಸ್ಸಿಂಗ್ ಬೇರೆಯಾಗಿ ಕೇಳಿ.

ಪ್ರಶ್ನೆ: ನಮಗೆ ಯಾವ ಸದಸ್ಯತ್ವವೂ ಇಲ್ಲ. ಹೆಚ್ಚು ಹಣ ಕೊಟ್ಟು ಲೌಂಜ್ ಪ್ರವೇಶವಿರುವ ಕೋಣೆ ತೆಗೆದುಕೊಂಡರೆ ರಾತ್ರಿಯೂಟದ ಖರ್ಚು ಉಳಿದು ಲಾಭವಾಗುತ್ತದೆಯೇ?

ಉತ್ತರ: ರಾತ್ರಿಯೂಟವೊಂದನ್ನೇ ನೆಚ್ಚಿ ಲೆಕ್ಕ ಹಾಕಿದರೆ ಹೆಚ್ಚಿನ ಸಲ ಆಗುವುದಿಲ್ಲ. ಸಾದಾ ಕೋಣೆಗೂ ಲೌಂಜ್ ಕೋಣೆಗೂ ಇರುವ ಬೆಲೆಯ ಅಂತರ ತೆಗೆದುಕೊಳ್ಳಿ. ಅದರ ಎದುರಿಗೆ, ಲೌಂಜ್ ಇಲ್ಲದಿದ್ದರೆ ನೀವು ನಿಜವಾಗಿ ಖರ್ಚು ಮಾಡುತ್ತಿದ್ದುದನ್ನು ಮಾತ್ರ ಬರೆಯಿರಿ. ಬೆಳಗಿನ ಉಪಾಹಾರ ಕೋಣೆಯ ದರದಲ್ಲೇ ಸೇರಿದ್ದರೆ ಅದನ್ನು ಬಿಡಿ. ಮದ್ಯ ಮುಟ್ಟದವರು ಮದ್ಯದ ಬೆಲೆ ಹಿಡಿಯಬಾರದು. ಅದಕ್ಕೆ ಬೇರೆ ಹಣ ಕೇಳುವ ಲೌಂಜುಗಳೂ ಉಂಟು. ಸಂಜೆ ಏಳರವರೆಗೂ ಹೊರಗೇ ಸುತ್ತುವ ಯೋಜನೆ ನಿಮ್ಮದಾದರೆ ಸಂಜೆಯ ತಿಂಡಿಯ ಬೆಲೆ ಸೊನ್ನೆ. ಲೌಂಜ್ ಸೇರಬೇಕೆಂಬ ಅವಸರಕ್ಕೆ ಸೂರ್ಯಾಸ್ತವನ್ನು ಅರ್ಧಕ್ಕೆ ಬಿಟ್ಟು ಓಡಿ ಬರುವವರನ್ನು ನಾನು ಬಲ್ಲೆ. ಆ ಲೆಕ್ಕ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಕಾಯ್ದಿರಿಸುವ ಮುಂಚೆ ಹೋಟೆಲಿಗೇ ಬರೆದು ಕೆಲವು ಸಂಗತಿ ಕೇಳಿ. ನೀವು ಇರುವ ಎಲ್ಲ ದಿನಗಳಲ್ಲೂ ಲೌಂಜ್ ತೆರೆದಿರುತ್ತದೆಯೇ? ಕಚೇರಿ ಪ್ರಯಾಣಿಕರನ್ನೇ ನೆಚ್ಚಿದ ಹೋಟೆಲುಗಳಲ್ಲಿ ವಾರಾಂತ್ಯಕ್ಕೆ ಬಾಗಿಲು ಹಾಕುವುದುಂಟು. ಒಂದು ಕೋಣೆಗೆ ಎಷ್ಟು ಜನ? ಸಾಮಾನ್ಯವಾಗಿ ಇಬ್ಬರು, ಮೂರನೆಯವರಿಗೆ ಶುಲ್ಕ. ಸಂಜೆ ಬಿಸಿ ಪದಾರ್ಥ ಇರುತ್ತದೆಯೇ, ಬರೀ ಚೀಸ್ ಮತ್ತು ಬಿಸ್ಕತ್ತೇ? ಇದೊಂದು ಉತ್ತರದ ಮೇಲೆ ನಿಮ್ಮ ಇಡೀ ಲೆಕ್ಕ ನಿಂತಿದೆ. ಸಮೂಹದ ಹೆಸರು ಒಂದೇ ಇದ್ದರೂ ಒಂದು ಹೋಟೆಲಿನಲ್ಲಿ ಊಟಕ್ಕೆ ಸಮನಾದ ಸಾಲು ಇರುತ್ತದೆ, ಇನ್ನೊಂದರಲ್ಲಿ ಎರಡು ಬಟ್ಟಲು ಬೀಜ. ಮ್ಯಾರಿಯಟ್ ಸಮೂಹಕ್ಕೇ ಸೇರಿದ ರಿಟ್ಜ್-ಕಾರ್ಲ್‌ಟನ್ ಹೋಟೆಲುಗಳ ಕ್ಲಬ್ ಲೌಂಜುಗಳಲ್ಲಿ ದಿನಕ್ಕೆ ಹಲವು ಬಾರಿ ಆಹಾರ ಬದಲಿಸಿ ಇಡುತ್ತಾರೆ. ಆದರೆ ಅಲ್ಲಿಗೆ ಮ್ಯಾರಿಯಟ್ ಸದಸ್ಯತ್ವದ ಶ್ರೇಣಿ ನಡೆಯುವುದಿಲ್ಲ, ಕ್ಲಬ್ ಪ್ರವೇಶಕ್ಕೆ ಹಣ ಕೊಟ್ಟೇ ಹೋಗಬೇಕು.

ಚಿಕ್ಕ ಮಕ್ಕಳಿಲ್ಲದೆ, ಇಡೀ ದಿನ ಹೊರಗಿರುವ ಪ್ರವಾಸಕ್ಕೆ ನನ್ನ ಸಲಹೆ ಸಾದಾ ಕೋಣೆ. ಉಳಿದ ಹಣದಲ್ಲಿ ಒಂದು ರಾತ್ರಿಯಾದರೂ ಊರಿನ ಒಳ್ಳೆಯ ಜಾಗದಲ್ಲಿ ಕುಳಿತು ನಿಧಾನವಾಗಿ ಉಣ್ಣಿ.

ಪ್ರಶ್ನೆ: ನಮ್ಮ ಎರಡು ಮಕ್ಕಳು ಬೇಗ ಮಲಗುತ್ತವೆ. ಸಂಜೆ ಲೌಂಜಿನಿಂದ ಒಂದಿಷ್ಟು ಡಬ್ಬಿಗೆ ಹಾಕಿಕೊಂಡು ಕೋಣೆಗೆ ತಂದರೆ ತಪ್ಪೇ? ತುಂಬಾ ಜನ ಹೀಗೆ ಮಾಡುವುದನ್ನು ನೋಡಿದ್ದೇನೆ.

ಉತ್ತರ: ಡಬ್ಬಿ ತರುವುದಕ್ಕಿಂತ ಮುಂಚೆ ಬಾಯಿ ಬಿಟ್ಟು ಕೇಳಿ, ನನ್ನ ಕೋರಿಕೆ ಇಷ್ಟೇ. ಹೊರಗೆ ಒಯ್ಯಬಾರದೆಂಬುದು ಹೆಚ್ಚಿನ ಲೌಂಜುಗಳ ನಿಯಮ. ಅದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಕೌಂಟರಿನಿಂದ ಹೊರಟ ಮೇಲೆ ಆ ಪದಾರ್ಥ ಎಷ್ಟು ಹೊತ್ತು ಎಲ್ಲಿತ್ತು ಎಂಬುದು ಹೋಟೆಲಿನ ಹತೋಟಿ ಮೀರುತ್ತದೆ, ಮಗುವಿಗೆ ಹೊಟ್ಟೆ ಕೆಟ್ಟರೆ ಮಾತು ಅವರ ಮೇಲೆಯೇ ಬರುತ್ತದೆ. ಇನ್ನೊಂದು ಕಾರಣವನ್ನು ಕೆಲಸದಲ್ಲಿದ್ದವರೇ ಬಲ್ಲರು. ಆ ಸಂಜೆ ಎಷ್ಟು ಕೋಣೆಗಳಿಗೆ ಪ್ರವೇಶವಿದೆ ಎಂದು ನೋಡಿಯೇ ಟ್ರೇಗಳ ಲೆಕ್ಕ ಕಟ್ಟಿರುತ್ತಾರೆ. ಆರು ಗಂಟೆಗೇ ಒಂದು ಕುಟುಂಬ ಟ್ರೇ ಖಾಲಿ ಮಾಡಿಕೊಂಡು ಹೋದರೆ, ಏಳೂವರೆಗೆ ಸುಸ್ತಾಗಿ ಬಂದು ಕುಳಿತವರಿಗೆ ‘ಮುಗಿದಿದೆ, ಕ್ಷಮಿಸಿ’ ಎಂದು ಹೇಳಬೇಕಾದವಳು ಕೌಂಟರಿನ ಹಿಂದಿರುವ ಹುಡುಗಿ. ಆ ಮಾತು ಹೇಳುವಾಗ ಅವಳ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮಕ್ಕಳ ಸಂದರ್ಭ ಬೇರೆಯೇ. ಸಂಜೆ ಮದ್ಯ ಕೊಡುವ ಹೊತ್ತಿನಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ ಎನ್ನುವ ಲೌಂಜುಗಳು ಬಹಳ ಇವೆ, ನಿಮ್ಮ ಹೋಟೆಲಿನದು ಏನೆಂದು ಮೊದಲೇ ತಿಳಿದುಕೊಳ್ಳಿ. ಹಾಗಿದ್ದರೆ ‘ಮಕ್ಕಳು ಒಳಗೆ ಬರುವಂತಿಲ್ಲ, ಅವರಿಗೆ ಎರಡು ತಟ್ಟೆ ಕೋಣೆಗೆ ಕಳಿಸಬಹುದೇ?’ ಎಂದು ನೇರವಾಗಿ ಕೇಳುವುದು ನ್ಯಾಯವಾದ ಕೋರಿಕೆ. ನಾನಿದ್ದಲ್ಲಿ ಹೀಗೆ ಕೇಳಿದವರಿಗೆ ಇಲ್ಲ ಎಂದ ನೆನಪಿಲ್ಲ. ಮಕ್ಕಳಿಗೆ ತೆಗೆದುಕೊಳ್ಳುವಾಗ ಟ್ರೇ ಬದಲಿಸುವ ಕ್ರಮವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಖಾಲಿಯಾದ ಟ್ರೇಯನ್ನು ಪೂರ್ತಿ ಎತ್ತಿ ಹೊಸದನ್ನು ಇಟ್ಟರೆ ಒಳ್ಳೆಯ ಲಕ್ಷಣ. ಹಳೆಯದರ ಮೇಲೆಯೇ ಹೊಸದನ್ನು ಸುರಿದರೆ ಅದನ್ನು ಮಕ್ಕಳಿಗೆ ಕೊಡಬೇಡಿ; ತಳದಲ್ಲಿರುವುದು ಯಾವ ಹೊತ್ತಿನದೆಂದು ಹೇಳುವಂತಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಸಾಮಾನ್ಯವಾಗಿ ಹೊಸ ಟ್ರೇ ಬರುವುದಿಲ್ಲ, ಆದ್ದರಿಂದ ಶುರುವಾದ ಹೊತ್ತಿಗೇ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಬೇಯಿಸಿದ್ದನ್ನು ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು. ಕೌಂಟರಿನ ಮೇಲೆ ಕಳೆದ ಹೊತ್ತೂ ಇದರಲ್ಲಿ ಸೇರಬಹುದು. ತಟ್ಟೆ ಕೋಣೆಗೆ ಬಂದ ಕೂಡಲೇ ಮಕ್ಕಳಿಗೆ ಉಣ್ಣಿಸಿ, ಉಳಿದದ್ದನ್ನು ನಡುರಾತ್ರಿಯ ಹಸಿವಿಗೆಂದು ಮೇಜಿನ ಮೇಲೆ ಮುಚ್ಚಿಡಬೇಡಿ. ಆ ಹಸಿವಿಗೆ ಬಾಳೆಹಣ್ಣು, ಬ್ರೆಡ್ಡು ಸಾಕು. ಅವನ್ನೂ ಕೇಳಿದರೆ ಕೊಡುತ್ತಾರೆ.